ಆಸ್ತಿ ಪಟ್ಟಿಯ ಮೂರನೇ ಹಾಳೆ

ರಮಾಮಣಿ ಮೂರೂ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂಲೆಯಲ್ಲಿದ್ದ ಪಿನ್ನಿನ ತೂತುಗಳನ್ನು ನೋಡಿದರು. ಮೊದಲ ಹಾಳೆಯಲ್ಲಿ ನಾಲ್ಕು. ಎರಡನೆಯದರಲ್ಲೂ ನಾಲ್ಕು. ಮೂರನೆಯದರಲ್ಲಿ ಎರಡೇ ಎರಡು.

“ಬಸಣ್ಣ, ಸ್ವಲ್ಪ ಇಲ್ಲಿ ಬನ್ನಿ.”

ರೆಕಾರ್ಡ್ ರೂಮಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ ಬಸಣ್ಣ ಎದ್ದು ಬಂದರು.

“ಈ ಮೂರು ಹಾಳೇನೂ ಒಟ್ಟಿಗೆ ಪಿನ್ ಹೊಡೆದು ಕೊಟ್ಟಿದ್ದಲ್ವಾ?”

“ಹೌದು ಮೇಡಂ. ಎಲ್ಲಾರೂ ಹಂಗೇ ಕೊಡೋದು.”

“ಹಾಗಾದ್ರೆ ತೂತು ಎಲ್ಲದರಲ್ಲೂ ಒಂದೇ ಸಮ ಇರ್ಬೇಕು. ನೋಡಿ, ಮೊದಲನೇ ಎರಡು ಹಾಳೆಗೆ ಎರಡು ಸಲ ಪಿನ್ ಬಿದ್ದಿದೆ. ಮೂರನೇದಕ್ಕೆ ಒಂದೇ ಸಲ. ಯಾರೋ ಪಿನ್ ಬಿಚ್ಚಿ, ಹಳೇ ಹಾಳೆ ತೆಗೆದು, ಹೊಸದು ಸೇರಿಸಿದ್ದಾರೆ.”

ಬಸಣ್ಣ ಕನ್ನಡಕ ಸರಿಮಾಡಿಕೊಂಡು ನೋಡಿದರು. ಮುಖ ಬಾಡಿಹೋಯಿತು. ಈ ಪಟ್ಟಿಗಳನ್ನಿಡುವ ಕಪಾಟಿನ ಬೀಗದ ಕೈ ಹನ್ನೊಂದು ವರ್ಷದಿಂದ ಅವರ ಹತ್ತಿರವೇ ಇತ್ತು.

“ನಾನಲ್ಲ ಮೇಡಂ. ನನ್ನ ಮೊಮ್ಮಗಳಾಣೆ.”

“ಆಣೆ ಗೀಣೆ ಬೇಡ. ನೀವು ಅಂತ ನಾನೆಲ್ಲಿ ಅಂದೆ?”

ಅಂದಿರಲಿಲ್ಲ, ನಿಜ. ಆದರೆ ಚೀಲದಲ್ಲಿದ್ದ ಡೈರಿಯಲ್ಲಿ ಅನುಮಾನದಿಂದ ಬರೆದಿಟ್ಟುಕೊಂಡಿದ್ದ ಎರಡು ಹೆಸರಲ್ಲಿ ಬಸಣ್ಣನದೂ ಒಂದು. ಇನ್ನೊಂದು, ಕಿರಿಯ ಎಂಜಿನಿಯರ್ ಮಧುಕರ್‌ನದು. ಮುನಿರಾಜಪ್ಪನವರ ಕೆಲಸ ಹೋದರೆ ಆ ಕುರ್ಚಿಗೆ ಬರುವವನು ಅವನೇ.

ಕಟ್ಟಡ ಪರವಾನಗಿ ಕಚೇರಿಯ ಸಹಾಯಕ ಎಂಜಿನಿಯರ್ ಮುನಿರಾಜಪ್ಪ ತಮ್ಮ ಖಾತೆಯಿಂದ ತೆಗೆದ ಎಂಟು ಲಕ್ಷ ಏನಾಯಿತೆಂದು 2023ರ ವಾರ್ಷಿಕ ಆಸ್ತಿ ಪಟ್ಟಿಯಲ್ಲಿ ತೋರಿಸಿಲ್ಲವೆಂಬುದು ಆರೋಪ. ಈಗಾಗಲೇ ಅಮಾನತಾಗಿದ್ದರು, ಬುಧವಾರ ಕೊನೆಯ ವಿಚಾರಣೆ. ನಿವೃತ್ತಿಗೆ ಏಳು ತಿಂಗಳಿತ್ತು. ವಜಾ ಆದರೆ ಪಿಂಚಣಿಯೂ ಇಲ್ಲ.

ಇಂಥ ವಿಚಾರಣೆಯಲ್ಲಿ ಆರೋಪ ಹೊತ್ತ ನೌಕರನ ಪರವಾಗಿ ನಿವೃತ್ತ ನೌಕರರೊಬ್ಬರು ನಿಲ್ಲಬಹುದು. ರಮಾಮಣಿ ನಿಂತಿದ್ದರು. ಇನ್ನೊಂದು ಇಲಾಖೆಯಲ್ಲಿ ಇಪ್ಪತ್ತೇಳು ವರ್ಷ ಇಂಥ ಆಸ್ತಿ ಪಟ್ಟಿಗಳನ್ನೇ ನೋಡಿಕೊಂಡಿದ್ದ ಹೆಂಗಸು ಅವರು. ಕಪಾಟಿಗೆ ಹೋಗುವ ಮೊದಲು ಒಂದೊಂದನ್ನೂ ಓದುತ್ತಿದ್ದರು. ಓದಿ ಓದಿ, ಮನುಷ್ಯರನ್ನು ನೋಡದೆಯೇ ಅವರ ಸ್ವಭಾವ ಹೇಳುವಷ್ಟು ಪಳಗಿದ್ದರು.

ಮುನಿರಾಜಪ್ಪನವರ ಹತ್ತೊಂಬತ್ತು ವರ್ಷದ ಪಟ್ಟಿಗಳನ್ನು ಓದಿದಾಗ ಅವರಿಗೆ ನಗು ಬಂದಿತ್ತು. ಹೆಂಡತಿಯ ಹೊಲಿಗೆ ಯಂತ್ರ ಬರೆದಿದ್ದರು. ತಾಯಿಯ ಓಲೆಯ ತೂಕ ಬರೆದಿದ್ದರು. ಹಳೇ ಸ್ಕೂಟರ್ ಮಾರಿದ ಮೂರೂವರೆ ಸಾವಿರ ಬರೆದಿದ್ದರು. ಹೆಂಡತಿ ತೀರಿಕೊಂಡ ವರ್ಷ, ಹೊಲಿಗೆ ಯಂತ್ರದ ಮುಂದೆ ‘ಈಗ ಉಪಯೋಗಿಸುವವರಿಲ್ಲ’ ಎಂದು ಸಣ್ಣಕ್ಷರದಲ್ಲಿ ಬರೆದಿದ್ದರು. ಅದನ್ನು ಓದಿದಾಗ ಮಾತ್ರ ನಗು ಬರಲಿಲ್ಲ.

ಇಂಥವರು ಎಂಟು ಲಕ್ಷ ಮುಚ್ಚಿಡುತ್ತಾರೆಯೇ? ಆದರೂ ಆ ಮನುಷ್ಯ ಬಾಯೇ ಬಿಡುತ್ತಿರಲಿಲ್ಲ. ರಮಾಮಣಿ ತಮ್ಮ ಪರ ನಿಲ್ಲಬಹುದೆಂಬ ಕಾಗದಕ್ಕೆ ಮುನಿರಾಜಪ್ಪ ತಮ್ಮ ಮಗಳ ಒತ್ತಾಯಕ್ಕೆ ಸಹಿ ಹಾಕಿಕೊಟ್ಟಿದ್ದರು, ಅಷ್ಟೇ.

ಮೂರನೇ ಹಾಳೆಯ ಸಹಿ ಮಿಕ್ಕ ಹಾಳೆಗಳ ಸಹಿಯಂತಿರಲಿಲ್ಲ. ಅಕ್ಷರಗಳು ಎಡಕ್ಕೆ ವಾಲಿಕೊಂಡು, ಎಳೆಮಕ್ಕಳ ಬರವಣಿಗೆಯ ಹಾಗೆ ನಡುಗುತ್ತಿದ್ದವು. ಕಳ್ಳ ಸಹಿ. ರಮಾಮಣಿಗೆ ಒಳಗೊಳಗೇ ಖುಷಿಯಾಯಿತು. ಇದನ್ನೊಂದು ರುಜುವಾತು ಮಾಡಿದರೆ ಬುಧವಾರ ಗೆದ್ದ ಹಾಗೆ.

“ಬಸಣ್ಣ, ಈ ಫೈಲನ್ನ ಕೊನೇ ಸಲ ಯಾರು ತೆಗೆಸಿದ್ದು? ರಿಜಿಸ್ಟರ್ ಕೊಡಿ.”

ಬಸಣ್ಣ ರಟ್ಟು ಕಿತ್ತ ದಪ್ಪ ರಿಜಿಸ್ಟರ್ ತಂದು, ಬೆರಳಿಗೆ ಎಂಜಲು ಮುಟ್ಟಿಸಿ ಪುಟ ತಿರುವಿದರು. 2024, ಫೆಬ್ರವರಿ 19, ಸೋಮವಾರ. ಮುನಿರಾಜಪ್ಪ, ಸ್ವಂತ ಫೈಲು ನೋಡಲು. ಅದರ ಮುಂದೆ ಸಹಿ.

ಎಡಕ್ಕೆ ವಾಲಿದ, ನಡುಗುವ ಸಹಿ.

“ಇದೇನ್ರೀ ಇದು?” ರಮಾಮಣಿಯ ದನಿ ಸಣ್ಣದಾಯಿತು. “ಇದು ಅವರ ಸಹಿನಾ?”

“ಅವ್ರದೇ ಮೇಡಂ. ನನ್ನ ಮುಂದೇನೇ ಹಾಕಿದ್ದು. ಆಗ ಅವ್ರ ಬಲಗೈಗೆ ಬ್ಯಾಂಡೇಜ್ ಇತ್ತಲ್ಲ. ಕೆ.ಆರ್. ಪುರದಲ್ಲಿ ಕಟ್ಟಡ ನೋಡೋಕೋಗಿ ಗೋಡೆಗೆ ಕಟ್ಟಿದ್ದ ಸಾರುವೆಯಿಂದ ಬಿದ್ದು ಮಣಿಕಟ್ಟು ಮುರ್ಕೊಂಡಿದ್ರು. ಒಂದೂವರೆ ತಿಂಗಳು ಎಡಗೈಲೇ ಎಲ್ಲಾ. ಹಾಜರಿ ಪುಸ್ತಕ ಬೇಕಾದ್ರೆ ನೋಡಿ.”

ನೋಡಿದರು. ಆ ಫೆಬ್ರವರಿಯುದ್ದಕ್ಕೂ ಅದೇ ವಾಲಿದ ಸಹಿ, ಸಾಲಾಗಿ.

ರಮಾಮಣಿ ಕುರ್ಚಿಗೆ ಒರಗಿದರು. ಕಳ್ಳನನ್ನು ಹಿಡಿಯಲು ಬಂದವರಿಗೆ ಸಿಕ್ಕಿದ್ದು ತಾವು ಯಾರ ಪರ ನಿಂತಿದ್ದರೋ ಆ ಮನುಷ್ಯನೇ. ತನ್ನ ಪಟ್ಟಿಯನ್ನು ತಾನೇ ತಿದ್ದಿದ್ದ.

“ಅವತ್ತು ನೀವು ಅವರ ಜೊತೆಗೇ ಇದ್ರಾ?”

“ಒಂದು ಹತ್ತು ನಿಮಿಷ ಚಾ ಕುಡಿಯಕ್ಕೆ ಹೋಗಿದ್ದೆ ಮೇಡಂ,” ಬಸಣ್ಣ ತಲೆ ತಗ್ಗಿಸಿದರು. “ಮುನಿರಾಜಪ್ಪನೋರಲ್ವಾ, ಅವ್ರನ್ನ ಕಾಯೋದೇನು ಅಂತ...”

ರಮಾಮಣಿ ಹಾಳೆಗಳ ಫೋಟೋ ತೆಗೆದುಕೊಂಡು ಮೆಟ್ಟಿಲಿಳಿದರು. ಕೆಳಗೆ ಕಾರ್ಯಪಾಲಕ ಎಂಜಿನಿಯರ್ ಶ್ರೀಹರಿ ತಮ್ಮ ಕೋಣೆಯ ಬಾಗಿಲಲ್ಲೇ ಸಿಕ್ಕರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆದು ಮಾತು. ಫೈಲು ನೋಡಲು ಅನುಮತಿ ಕೇಳಿದ ದಿನವೇ ಸಹಿ ಹಾಕಿಕೊಟ್ಟಿದ್ದರು, ಕಾಫಿಯನ್ನೂ ತರಿಸಿದ್ದರು.

“ಏನಾದ್ರೂ ಸಿಕ್ತಾ ಮೇಡಂ?”

“ನೋಡ್ತಾ ಇದ್ದೀನಿ ಸಾರ್.”

“ಪಾಪ, ಒಳ್ಳೇ ಮನುಷ್ಯ. ಆ ದುಡ್ಡು ಎಲ್ಲಿಟ್ಟಿದ್ದಾನೆ ಅಂತ ಒಂದು ಗೊತ್ತಾದ್ರೆ ಸಾಕು, ಕೇಸ್ ಮುಗಿಸಿಬಿಡಬಹುದು. ನೀವೇ ಬಾಯಿ ಬಿಡಿಸ್ಬೇಕು.”

ಶಿವಾಜಿನಗರದಲ್ಲಿ ಬಸ್ಸಿಗಾಗಿ ಅರ್ಧ ಗಂಟೆ ಕಾದರು. ಹಲಸೂರು ದಾಟಿ ದೊಮ್ಮಲೂರಿನಲ್ಲಿ ಇಳಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ದಾರಿಯುದ್ದಕ್ಕೂ ಅವರು ಒಂದೇ ಮಾತು ಯೋಚಿಸುತ್ತಿದ್ದರು. ಆಸ್ತಿ ಇದ್ದದ್ದನ್ನು ಇಲ್ಲವೆಂದು ಬರೆಯುವವರನ್ನು ನೋಡಿದ್ದೇನೆ. ಬರೆದದ್ದನ್ನು ಆಮೇಲೆ ಬಂದು ಕಿತ್ತವನನ್ನು ನೋಡಿಲ್ಲ.

*

ಫ್ಲೈಓವರ್ ಹಿಂದಿನ ಹಳೇ ದೊಮ್ಮಲೂರಿನ ಗಲ್ಲಿಯಲ್ಲಿ ಮುನಿರಾಜಪ್ಪನವರ ಮನೆ. ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರದು. ಅದರ ಕೆಳಗೆ ಚಾಪೆ ಹಾಸಿಕೊಂಡು ಮುನಿರಾಜಪ್ಪನವರೂ ಅವರ ತಾಯಿ ಪಿಳ್ಳಮ್ಮನೂ ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಮಗಳು ನಂದಿತಾ ಶಾಲೆಗೆ ಪಾಠ ಮಾಡಲು ಹೋಗಿದ್ದಳು.

“ಬಿಸ್ಲಲ್ಲಿ ಬಂದ್ಬಿಟ್ಟಿದ್ದೀರಲ್ಲ ತಾಯಿ, ಕುಂತ್ಕೊಳ್ಳಿ,” ಪಿಳ್ಳಮ್ಮ ಜಾಗ ಮಾಡಿಕೊಟ್ಟರು.

ರಮಾಮಣಿ ಕೂತರು. ಕೊಟ್ಟ ನೀರು ಕುಡಿದರು. ಆಮೇಲೆ ಫೋನಿನಲ್ಲಿ ಫೋಟೋ ತೆಗೆದು ಮುನಿರಾಜಪ್ಪನವರ ಮುಂದೆ ಇಟ್ಟರು.

“ಈ ಸಹಿ ನಿಮ್ಮ ಎಡಗೈದು.”

ಮುನಿರಾಜಪ್ಪ ನೋಡಿದರು. ಸೊಪ್ಪಿನ ದಂಟನ್ನು ಮುರಿದು ಪಕ್ಕಕ್ಕಿಟ್ಟರು.

“ಹತ್ತು ನಿಮಿಷದಲ್ಲಿ ಪಿನ್ ಬಿಚ್ಚಿ, ಹಾಳೆ ಬದಲಾಯಿಸಿ, ಪಿನ್ ಹೊಡೆದಿದ್ದೀರಿ. ಅದೂ ಒಂದೇ ಕೈಯಲ್ಲಿ. ಕೈ ವಾಸಿಯಾಗೋವರೆಗೂ ಕಾಯೋಕೆ ಆಗದೇ ಇರೋ ಅಂಥ ಅವಸರ ಏನಿತ್ತು?”

“ಮೇಡಂ, ನೀವು ಈ ಕೇಸ್ ಬಿಟ್ಬಿಡಿ.”

“ಬಿಡಲ್ಲ.”

“ನನ್ನ ಕೆಲಸ ಹೋದ್ರೆ ಹೋಗ್ಲಿ. ನಂದಿತಾಗೆ ಸಂಬಳ ಬರುತ್ತೆ. ಅಮ್ಮ, ನಾನು, ಇಬ್ಬರಿಗೆ ಎಷ್ಟು ಬೇಕು?”

“ಹೊಲಿಗೆ ಯಂತ್ರ ಬರೆದವರು ನೀವು,” ರಮಾಮಣಿ ತಡೆಯಲಾರದೆ ದನಿ ಏರಿಸಿದರು. “ನಿಮ್ಮ ಪಟ್ಟಿ ಓದಿ ನಾನು... ಇಪ್ಪತ್ತೇಳು ವರ್ಷ ಈ ಕೆಲಸ ಮಾಡಿದೀನಿ ಮುನಿರಾಜಪ್ಪ. ಅಷ್ಟು ನಿಯತ್ತಿನ ಪಟ್ಟಿ ಒಂದೂ ನೋಡಿಲ್ಲ. ನಾಳಿದ್ದು ಅದೇ ಪಟ್ಟಿ ಮುಂದಿಟ್ಕೊಂಡು ನಿಮ್ಮನ್ನ ಕಳ್ಳ ಅಂತಾರೆ. ನಿಮ್ಮ ಮಗಳು ಅಲ್ಲೇ ಕೂತು ಕೇಳ್ಬೇಕಾ?”

ಮುನಿರಾಜಪ್ಪನವರ ಕೈ ನಿಂತಿತು. ಕಣ್ಣು ತುಂಬಿಕೊಂಡಿತ್ತು.

“ಹೇಳ್ಬಿಡಪ್ಪ,” ಪಿಳ್ಳಮ್ಮ ಅಂದರು. “ಆಯಮ್ಮ ಅರ್ಧ ತಿಳ್ಕೊಂಡೇ ಬಂದವ್ರೆ. ಮಿಕ್ಕಿದ್ದು ನೀನು ಹೇಳ್ದಿದ್ರೆ ನಾನೇ ಹೇಳ್ತೀನಿ.”

ಮುನಿರಾಜಪ್ಪ ಶುರುಮಾಡಿದರು.

“ಆ ಎಂಟು ಲಕ್ಷ ನನ್ನ ಪಿ.ಎಫ್. ದುಡ್ಡು ಮೇಡಂ. ಲಿಂಗರಾಜಪುರದಲ್ಲಿ ಆಬಿದಾ ಅನ್ನೋರ ಮನೆ, ಮೇಲ್ಗಡೆ ಎರಡು ರೂಮು. ಅದನ್ನ ಭೋಗ್ಯಕ್ಕೆ ಹಾಕ್ಕೊಂಡೆ. 2023ರ ಪಟ್ಟೀಲಿ ಅದನ್ನೂ ಬರೆದೆ. ವಿಳಾಸ, ಭೋಗ್ಯದ ಮೊತ್ತ, ಎಲ್ಲಾ. ಅಲ್ಲಿ ಒಂದು ಕಾಲಂ ಇದೆಯಲ್ಲ, ಆ ಮನೇಲಿ ಯಾರು ವಾಸ ಇದ್ದಾರೆ, ನಿಮಗೇನಾಗ್ಬೇಕು ಅಂತ. ಅದಕ್ಕೂ ಬರೆದೆ.”

“ಏನಂತ?”

“ವಿಭಾ. ಮಗಳ ಸಮಾನ.”

“ಯಾರು ವಿಭಾ?”

“ಶ್ರೀಹರಿ ಸಾರ್ ಹೆಂಡತಿ.”

ರಮಾಮಣಿ ಮುಂದಕ್ಕೆ ಬಾಗಿದರು.

“ಒಂದು ಭಾನುವಾರ ಅವರ ಇಂದಿರಾನಗರದ ಮನೆಗೆ ಫೈಲು ತಗೊಂಡು ಹೋಗಿದ್ದೆ, ಅರ್ಜೆಂಟ್ ಸಹಿ ಬೇಕಿತ್ತು. ಬಾಗಿಲಿಗೆ ಹೊರಗಡೆಯಿಂದ ಬೀಗ. ವಾಪಸ್ ಹೊರಟೆ. ಅಷ್ಟರಲ್ಲಿ ಅಡುಗೆಮನೆ ಕಿಟಕಿ ಹತ್ರ ಯಾರೋ ಕರೆದ ಹಾಗಾಯ್ತು. ನೋಡಿದ್ರೆ ಈ ಹುಡುಗಿ. ಕೆನ್ನೆ ಊದಿತ್ತು. ‘ಅಂಕಲ್, ನನ್ನ ಅಮ್ಮನಿಗೊಂದು ಫೋನ್ ಮಾಡಿ’ ಅಂದ್ಳು. ಅಲ್ಲೇ ನಿಂತು ಮಾಡ್ದೆ. ಅವರಮ್ಮ, ‘ಗಂಡ ಹೆಂಡ್ತಿ ವಿಷಯ, ನಿಮಗ್ಯಾಕೆ’ ಅಂತ ಇಟ್ಬಿಟ್ರು. ಅದನ್ನ ಆ ಹುಡುಗಿಗೆ ಹೇಗೆ ಹೇಳೋದು ಮೇಡಂ? ಕಿಟಕಿಯೊಳಗಿಂದ ನನ್ನ ಮುಖಾನೇ ನೋಡ್ತಾ ನಿಂತಿದ್ಳು.”

“ಮನೆಗೆ ಬಂದವನು ಉಣ್ಣಲಿಲ್ಲ,” ಪಿಳ್ಳಮ್ಮ ಹೇಳಿದರು. “ಏನಾಯ್ತೋ ಅಂದೆ. ಹೇಳ್ದ. ಕರ್ಕೊಂಡು ಬಾ ಹೋಗು ಅಂದೆ.”

“ಪೊಲೀಸ್‌ಗೆ ಹೇಳ್ಲಿಲ್ವಾ?” ರಮಾಮಣಿ ಕೇಳಿದರು.

“ಮೊದಲೇ ಒಂದ್ಸಲ ಹೋಗಿದ್ಳಂತೆ. ರಾಜಿ ಮಾಡಿ ಮನೆಗೇ ಕಳಿಸಿದ್ರಂತೆ. ನಾನು ಒಂದು ದಿನ ಅವರು ಆಫೀಸಲ್ಲಿದ್ದಾಗ ಬೀಗ ಒಡೆಸಿ ಕರ್ಕೊಂಡು ಬಂದೆ. ನಂದಿತಾಗೂ ಹೇಳಿಲ್ಲ. ಗೊತ್ತಿದ್ದಷ್ಟೂ ಅವಳಿಗೂ ಕಷ್ಟ.”

“ಆದ್ರೂ ಪಟ್ಟೀಲಿ ಬರೆದ್ರಿ.”

“ಬರೀದೇ ಇರೋದು ಹೇಗೆ? ನಿಯಮ ಅಲ್ವಾ?” ಮುನಿರಾಜಪ್ಪ ಅದನ್ನು ತೀರಾ ಸಹಜವಾಗಿ ಹೇಳಿದರು. “ನಮ್ಮ ಆಫೀಸಲ್ಲಿ ಆ ಪಟ್ಟೀನ ಯಾರೂ ಓದ್ತಿರ್ಲಿಲ್ಲ ಮೇಡಂ. ಕಪಾಟಿಗೆ ಹೋಗೋದು, ಅಷ್ಟೇ. ಆಮೇಲೆ 2024ರ ಫೆಬ್ರವರೀಲಿ ಸುತ್ತೋಲೆ ಬಂತು. ಎಲ್ಲಾರ ಪಟ್ಟೀನೂ ತಿಂಗಳ ಕೊನೇಲಿ ಇಲಾಖೆ ವೆಬ್‌ಸೈಟಿಗೆ ಹಾಕ್ತೀವಿ, ಯಾರು ಬೇಕಾದ್ರೂ ನೋಡಬಹುದು ಅಂತ. ಒಳ್ಳೇದೇ. ನಾನೇ ಎಷ್ಟೋ ಸಲ ಅದು ಬರ್ಬೇಕು ಅಂತ ಹೇಳ್ತಿದ್ದವನು. ಆದ್ರೆ ಅವಳ ಹೆಸರು, ವಿಳಾಸ ಎರಡೂ ಅದರಲ್ಲಿತ್ತು.”

ಅದಕ್ಕೇ ಕೈ ಮುರಿದಿದ್ದರೂ ಹೋಗಿದ್ದರು.

ಪಟ್ಟಿ ಇರುವುದೇ ಜನ ನೋಡಲಿಕ್ಕೆ ಎಂದು ರಮಾಮಣಿ ಎಷ್ಟು ಹೊಸಬರಿಗೆ ಪಾಠ ಹೇಳಿದ್ದರೋ. ಆ ಪಾಠ ಇವತ್ತಿಗೂ ಸರಿಯೇ. ತಮ್ಮ ಮುಂದೆ ಕೂತ ಈ ಮನುಷ್ಯನೂ ಸರಿಯೇ.

“ದೂರು ಕೊಟ್ಟಿದ್ದು ಯಾರು ಅಂತ ಅನುಮಾನ ಇದೆಯಾ?”

“ಹೆಸರಿಲ್ಲದ ಪತ್ರ. ಗುಪ್ತವಾಗಿ ಆಸ್ತಿ ಮಾಡಿದ್ದಾನೆ ಅಂತ ಮಾತ್ರ ಇತ್ತು. ಆಮೇಲೆ ಬ್ಯಾಂಕ್ ಲೆಕ್ಕ ತರಿಸಿದ್ರು, ಎಂಟು ಲಕ್ಷ ಕಾಣಿಸ್ತು. ಶ್ರೀಹರಿ ಸಾರ್‌ಗೆ ನನ್ನ ಮೇಲೆ ಅನುಮಾನ ಇತ್ತು ಮೇಡಂ. ಆದ್ರೆ ‘ನನ್ನ ಹೆಂಡತಿ ಎಲ್ಲಿ’ ಅಂತ ಬಾಯಿಬಿಟ್ಟು ಕೇಳೋ ಹಾಗಿಲ್ಲವಲ್ಲ. ದುಡ್ಡು ಎಲ್ಲಿ ಅಂತ ಕೇಳ್ಬಹುದು. ನಾನು ಉತ್ತರ ಕೊಟ್ರೆ ಅವಳು ಸಿಗ್ತಾಳೆ. ವಿಚಾರಣೇಲಿ ಇಲಾಖೆ ಪರ ಕೂರೋದೂ ಅವರೇ.”

ಪಿಳ್ಳಮ್ಮ ಇದ್ದಕ್ಕಿದ್ದಂತೆ ಕೇಳಿದರು: “ನಮ್ ನಂದಿತಾಗೆ ನಿಮ್ಮ ಗುರುತು ಹೆಂಗಾಯ್ತು ತಾಯಿ?”

ಈ ಪ್ರಶ್ನೆ ರಮಾಮಣಿಗೆ ಹೊಳೆದೇ ಇರಲಿಲ್ಲ. ಎರಡು ವಾರದ ಹಿಂದೆ ಆ ಹುಡುಗಿ ವಿಮಾನಪುರದ ತಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಅಳುತ್ತಿದ್ದಳು. ಕೇಳುವ ಹೊತ್ತು ಅದಾಗಿರಲಿಲ್ಲ. ಈಗ ಫೋನ್ ಮಾಡಿದರು. ಊಟದ ಬಿಡುವಿನ ಮಕ್ಕಳ ಗದ್ದಲದ ನಡುವೆ ನಂದಿತಾ ಎತ್ತಿಕೊಂಡಳು.

“ನಂದಿತಾ, ನನ್ನ ವಿಷಯ ನಿನಗೆ ಯಾರು ಹೇಳಿದ್ದಮ್ಮ?”

ಆ ಕಡೆ ಮಕ್ಕಳ ಗದ್ದಲ ಸ್ವಲ್ಪ ದೂರವಾಯಿತು.

“ಶ್ರೀಹರಿ ಸಾರ್ ಮೇಡಂ. ಸಿಗದೇ ಇರೋ ಕಾಗದ ಹುಡುಕೋದ್ರಲ್ಲಿ ಅವರಂಥೋರು ಯಾರೂ ಇಲ್ಲ, ಹೋಗಿ ಕೇಳಮ್ಮ ಅಂದ್ರು. ಅಪ್ಪನಿಗೆ ಬೇಜಾರಾಗುತ್ತೆ, ನನ್ನ ಹೆಸರು ಹೇಳ್ಬೇಡ ಅಂದ್ರು. ತಪ್ಪಾಯ್ತಾ ಮೇಡಂ?”

“ಇಲ್ಲಮ್ಮ. ನಿಂದೇನೂ ತಪ್ಪಿಲ್ಲ. ಮಕ್ಕಳನ್ನ ನೋಡ್ಕೋ ಹೋಗು.”

ರಮಾಮಣಿ ಫೋನ್ ಇಟ್ಟರು. ಆ ಅನುಮತಿ ಪತ್ರ, ಆ ಕಾಫಿ, ಬಾಗಿಲಲ್ಲಿ ನಿಂತು ಕೇಳಿದ ಆ ಮೆದು ಮಾತು. ಶ್ರೀಹರಿ ತಮ್ಮ ಕೈಲಾಗದ ಹುಡುಕಾಟಕ್ಕೆ ಇವರನ್ನು ಬಿಟ್ಟಿದ್ದರು. ಇವರೂ ವಾಸನೆ ಹಿಡಿದ ಹಾಗೆ ನೇರ ಹುಡುಕಿಕೊಂಡೇ ಬಂದಿದ್ದರು.

“ಮುನಿರಾಜಪ್ಪ, ಹಳೇ ಹಾಳೆ ಏನು ಮಾಡಿದ್ರಿ? ಸುಟ್ಟುಹಾಕಿದ್ರಿ ಅಂತ ಹೇಳಿ.”

ಮುನಿರಾಜಪ್ಪ ತಲೆ ಅಲ್ಲಾಡಿಸಿದರು. “ಸರ್ಕಾರಿ ಕಾಗದ ಮೇಡಂ. ಹರಿಯೋಕೆ ಮನಸ್ಸು ಬರಲಿಲ್ಲ. ಮನೆಗೆ ತರೋದೂ ತಪ್ಪು ಅನ್ನಿಸ್ತು. ಸಕ್ಲೇನ್ ಅಂತ ನಮ್ಮ ಆಫೀಸ್ ಡ್ರೈವರ್ ಇದ್ರು, ತೀರಿಕೊಂಡು ಐದು ವರ್ಷ ಆಯ್ತು. ಸತ್ತವರ ಆಸ್ತಿ ಪಟ್ಟಿ ಯಾರು ತೆಗೆದು ನೋಡ್ತಾರೆ ಅಂತ ಅವರ ಫೈಲಲ್ಲಿ ಇಟ್ಟೆ. ಅದೇ ರೂಮು, ಕಿಟಕಿ ಪಕ್ಕದ ಕಪಾಟು.”

ರಮಾಮಣಿ ಬಸಣ್ಣನಿಗೆ ಫೋನ್ ಮಾಡಿದರು.

“ಬಸಣ್ಣ, ನೀವು ಎಲ್ಲಿದ್ದೀರಿ? ಈಗಲೇ ರೆಕಾರ್ಡ್ ರೂಮಿಗೆ ಹೋಗಿ. ಕಿಟಕಿ ಪಕ್ಕದ ಕಪಾಟಲ್ಲಿ...”

“ಆ ಕಪಾಟು ಖಾಲಿ ಮೇಡಂ.”

“ಏನು?”

“ನೀವು ಮೆಟ್ಟಿಲಿಳಿದು ಹೋದ್ರಲ್ಲ, ಹತ್ತೇ ನಿಮಿಷಕ್ಕೆ ಶ್ರೀಹರಿ ಸಾರ್ ಬಂದ್ರು. ಮೇಡಂ ಏನೇನು ನೋಡಿದ್ರು ಅಂತ ಕೇಳಿದ್ರು. ಪಿನ್ನಿನ ತೂತು, ಎಡಗೈ ಸಹಿ, ಎಲ್ಲಾ ಹೇಳ್ಬಿಟ್ಟೆ. ಸಾಹೇಬ್ರಲ್ವಾ, ಮುಚ್ಚಿಡೋದು ಹೆಂಗೆ? ಅವ್ರು ಸುಮ್ನೆ ನಿಂತ್ಕೊಂಡು ಯೋಚ್ನೆ ಮಾಡಿದ್ರು. ‘ಮುನಿರಾಜಪ್ಪ ಕಾಗದ ಹರಿಯೋನೂ ಅಲ್ಲ, ಮನೆಗೆ ಒಯ್ಯೋನೂ ಅಲ್ಲ. ಅದು ಈ ರೂಮಲ್ಲೇ ಇದೆ ಬಸಣ್ಣ’ ಅಂದ್ರು. ನೌಕರಿಯಲ್ಲಿ ಇಲ್ಲದೋರ ಫೈಲೆಲ್ಲಾ ಕಟ್ಟು ಕಟ್ಟಿ ಕಾರಿಗೆ ಹಾಕ್ಸಿಕೊಂಡು ಹೋದ್ರು. ಎರಡು ಗಂಟೆ ಮೇಲಾಯ್ತು.”

ಫೋನಿನ ಮಾತು ಹೊರಗೆ ಕೇಳಿಸುತ್ತಿತ್ತು. ಮುನಿರಾಜಪ್ಪ ಆಗಲೇ ಎದ್ದು ನಿಂತಿದ್ದರು. ಮಡಿಲಲ್ಲಿದ್ದ ಸೊಪ್ಪೆಲ್ಲ ನೆಲಕ್ಕೆ ಚೆಲ್ಲಿತು. ತಮ್ಮ ಫೋನ್ ತೆಗೆದು ವಿಭಾಳ ನಂಬರ್ ಒತ್ತಿದರು. ಗಂಟೆ ಹೊಡೆದು ಹೊಡೆದು ನಿಂತಿತು. ಇನ್ನೊಮ್ಮೆ ಒತ್ತಿದರು.

“ಸ್ಪೀಕರ್‌ಗೆ ಹಾಕಿ,” ರಮಾಮಣಿ ಅಂದರು.

ಮೂರನೇ ಸಲಕ್ಕೆ ಎತ್ತಿದಳು. ಏದುಸಿರಿನ, ಎಳೆಯ ದನಿ.

“ಹಲೋ ಅಂಕಲ್, ಬಟ್ಟೆ ಬದಲಾಯಿಸ್ತಾ ಇದ್ದೆ, ಅದಕ್ಕೇ ಲೇಟಾಯ್ತು. ಅಜ್ಜಿ ಹೇಗಿದ್ದಾರೆ ಈಗ? ಜೋರಾಗಿ ಎದೆನೋವು ಬಂತು ಅಂತ ಡ್ರೈವರ್ ಹೇಳಿದ್ರು.”

ಪಿಳ್ಳಮ್ಮ ಚಾಪೆಯ ಮೇಲೆ ಕೂತಲ್ಲೇ ಮಗನ ಮುಖ ನೋಡಿದರು.

“ಯಾವ ಡ್ರೈವರ್?” ಮುನಿರಾಜಪ್ಪನವರ ದನಿ ಒಡೆಯಿತು. “ವಿಭಾ, ಯಾವ ಡ್ರೈವರಮ್ಮಾ?”

“ನೀವು ಕಳಿಸಿದ ಕಾರಿನೋರು ಅಂಕಲ್. ಕೆಳಗಡೆ ಬಂದಿದೀನಿ, ಬಾಗಿಲು ತೆಗೆದು ಕೊಟ್ಟಿದ್ದಾರೆ. ಇರಿ, ಹತ್ತಿ ಮಾತಾಡ್ತೀನಿ.”

“ಹತ್ಬೇಡ! ವಿಭಾ, ಆಬಿದಮ್ಮನ್ನ ಕೂಗು, ಕಾರು ಹತ್ಬೇಡ...”

ಆ ಕಡೆಯಿಂದ ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.